ಮೊಬೈಲ್ ಪರದೆಯ ಮೇಲೊಂದು ಬ್ಯುರೆಟ್: ಕೆಮಿಸ್ಟ್ರಿ ಲ್ಯಾಬ್‌ಗೆ ಹೋಗುವ ಮೊದಲು

ದ್ವಿತೀಯ ಪಿಯುಸಿಯಲ್ಲಿ ಕೆಮಿಸ್ಟ್ರಿಗೆ 100 ಅಂಕ. ಅದರಲ್ಲಿ 70 ಥಿಯರಿ, 30 ಪ್ರಾಕ್ಟಿಕಲ್. ಈ 70ರ ಬಗ್ಗೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಟ್ಯೂಷನ್ ಇದೆ, ಗೈಡ್ ಇದೆ, ಹಳೆಯ ಪ್ರಶ್ನೆಪತ್ರಿಕೆ ಇದೆ. ರಾತ್ರಿ ಹನ್ನೊಂದರ ತನಕ ಮಗಳು ಓದುತ್ತಿದ್ದರೆ ಉಮ್ಮ ಪಕ್ಕದಲ್ಲಿ ಚಹಾ ತಂದಿಡುತ್ತಾರೆ. ಆದರೆ ಉಳಿದ 30ರ ಬಗ್ಗೆ ಮನೆಯಲ್ಲಿ ಯಾರೂ ಏನೂ ಮಾಡುವ ಹಾಗಿಲ್ಲ. ಬ್ಯುರೆಟ್, ಪಿಪೆಟ್, ಆಸಿಡ್ ಬಾಟಲಿ ಯಾರ ಮನೆಯಲ್ಲಿದೆ? ವಾರಕ್ಕೊಮ್ಮೆ ಕಾಲೇಜಿನ ಲ್ಯಾಬ್‌ನಲ್ಲಿ ಸಿಕ್ಕಿದ್ದೇ ಸಿಕ್ಕಿದ್ದು. ಆ ದಿನ ಜ್ವರ ಬಂದರೆ, ಬಸ್ ತಪ್ಪಿದರೆ ಅಷ್ಟೂ ಹೋಯಿತು.

ಒಂದು ಕಾಲದಲ್ಲಿ ನಮ್ಮ ಸಮುದಾಯದಲ್ಲಿ ವಿಜ್ಞಾನ ವಿಭಾಗ ತೆಗೆದುಕೊಳ್ಳುವ ಹೆಣ್ಣು ಮಕ್ಕಳು ಬೆರಳೆಣಿಕೆಯಷ್ಟು. ಈಗ ಹಾಗಿಲ್ಲ. ಪಿಸಿಎಂಬಿ ತೆಗೆದುಕೊಂಡು, ನೀಟ್ ಬರೆದು, ಬಿಎಸ್ಸಿ, ಫಾರ್ಮಸಿ, ನರ್ಸಿಂಗ್ ಅಂತ ಹೋಗುವ ಮಕ್ಕಳು ಪ್ರತಿ ಜಮಾಅತ್‌ನಲ್ಲೂ ಇದ್ದಾರೆ. ಮನೆಯಲ್ಲಿ ಕೆಮಿಸ್ಟ್ರಿ ಗೊತ್ತಿರುವ ಅಣ್ಣನೋ ಅಕ್ಕನೋ ಇಲ್ಲದೆ, ಮೊದಲ ಬಾರಿಗೆ ಲ್ಯಾಬ್ ಕೋಟು ಹಾಕಿದವರೇ ಇವರಲ್ಲಿ ಬಹಳ ಮಂದಿ. ಅವರ ಕೈಯಲ್ಲಿರುವ ಅದೇ ಮೊಬೈಲ್ ಈ 30 ಅಂಕದ ವಿಷಯದಲ್ಲಿ ಸ್ವಲ್ಪ ಸಹಾಯ ಮಾಡಬಲ್ಲದು. ಎಲ್ಲಿಯವರೆಗೆ ಮಾಡಬಲ್ಲದು, ಎಲ್ಲಿಂದ ಮುಂದೆ ಮಾಡಲಾರದು ಎನ್ನುವುದನ್ನು ಹೆತ್ತವರು ತಿಳಿದುಕೊಂಡರೆ ಒಳ್ಳೆಯದು.

ವಿಡಿಯೋ ಬೇರೆ, ಸಿಮ್ಯುಲೇಶನ್ ಬೇರೆ

ಯೂಟ್ಯೂಬ್‌ನಲ್ಲಿ ಯಾರೋ ಒಬ್ಬರು ಪ್ರಯೋಗ ಮಾಡಿ ತೋರಿಸುತ್ತಾರೆ. ಅದು ವಿಡಿಯೋ. ಅದರಲ್ಲಿ ನಾವು ನೋಡುವವರು ಮಾತ್ರ. ಎಷ್ಟು ಸಲ ನೋಡಿದರೂ ಅದೇ ಫಲಿತಾಂಶ ಬರುತ್ತದೆ.

ಸಿಮ್ಯುಲೇಶನ್ ಹಾಗಲ್ಲ. ಪರದೆಯ ಮೇಲೆ ಬ್ಯುರೆಟ್, ಬೀಕರ್, ದ್ರಾವಣ ಎಲ್ಲ ಚಿತ್ರದ ರೂಪದಲ್ಲಿ ಇರುತ್ತವೆ. ತಿರುಪು ತಿರುಗಿಸುವುದು, ಹನಿ ಬಿಡುವುದು, ನೀರು ಸೇರಿಸುವುದು ಎಲ್ಲ ಮಗುವಿನ ಬೆರಳಿನಿಂದಲೇ ಆಗಬೇಕು. ಹಿಂದೆ ಕಂಪ್ಯೂಟರ್ ಸೂತ್ರ ಹಾಕಿ ಲೆಕ್ಕ ಮಾಡುತ್ತಾ ಇರುತ್ತದೆ. ನೀವು ಹೆಚ್ಚು ಆಸಿಡ್ ಹಾಕಿದರೆ ಅದಕ್ಕೆ ತಕ್ಕ ಉತ್ತರ, ಕಡಿಮೆ ಹಾಕಿದರೆ ಅದಕ್ಕೆ ತಕ್ಕ ಉತ್ತರ. ತಪ್ಪು ಮಾಡಿದರೆ ತಪ್ಪು ಫಲಿತಾಂಶವೇ ಬರುತ್ತದೆ. ಗಾಜು ಒಡೆಯುವುದಿಲ್ಲ, ಕೈ ಸುಡುವುದಿಲ್ಲ, ಲೆಕ್ಚರರ್ ಬೈಯುವುದೂ ಇಲ್ಲ. ಒಂದು ಗುಂಡಿ ಒತ್ತಿದರೆ ಮೊದಲಿನಿಂದ ಶುರು.

ಒಂದು ಹನಿಯ ಲೆಕ್ಕ

ಇದರಿಂದ ಏನು ಲಾಭ ಅಂತ ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಲೆಕ್ಕ ಸ್ವಲ್ಪ ಬರುತ್ತದೆ, ಆದರೆ ಕಷ್ಟವೇನಿಲ್ಲ.

ಟೈಟ್ರೇಶನ್ ಎಂದರೆ ಗೊತ್ತಿಲ್ಲದ ಒಂದು ದ್ರಾವಣದ ಸಾರವನ್ನು, ಗೊತ್ತಿರುವ ಇನ್ನೊಂದು ದ್ರಾವಣವನ್ನು ಅಳತೆ ಮಾಡಿ ಹನಿಹನಿಯಾಗಿ ಬಿಟ್ಟು ಕಂಡುಹಿಡಿಯುವುದು. ಫ್ಲಾಸ್ಕ್‌ನಲ್ಲಿ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 25 ಮಿ.ಲೀ. ಇದೆ ಅಂತ ಇಟ್ಟುಕೊಳ್ಳಿ. ಮೇಲಿನ ಬ್ಯುರೆಟ್‌ನಿಂದ ಅಷ್ಟೇ ಸಾರದ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತೇವೆ. ಫ್ಲಾಸ್ಕ್‌ನಲ್ಲಿ ಎರಡು ಹನಿ ಫಿನಾಲ್ಫ್ತಲೀನ್ ಹಾಕಿರುತ್ತೇವೆ. ಅದು ಆಮ್ಲದಲ್ಲಿ ಬಣ್ಣವಿಲ್ಲದೆ ಇದ್ದು, ಕ್ಷಾರದಲ್ಲಿ ಗುಲಾಬಿ ಆಗುತ್ತದೆ.

ಆರಂಭದಲ್ಲಿ ಫ್ಲಾಸ್ಕ್‌ನ ಪಿಹೆಚ್ 1. ಒಂದೇ ಸಮನೆ 20 ಮಿ.ಲೀ. ಬಿಟ್ಟರೂ ಪಿಹೆಚ್ ಸುಮಾರು 2ಕ್ಕೆ ಮಾತ್ರ ಏರುತ್ತದೆ. ಬಣ್ಣ ಇಲ್ಲ. 24 ಮಿ.ಲೀ. ಆದಾಗಲೂ 2.7ರ ಹತ್ತಿರ. ಆಗಲೂ ಬಣ್ಣ ಇಲ್ಲ. 24.9 ಮಿ.ಲೀ. ಆದಾಗ 3.7. ಸರಿಯಾಗಿ 25ಕ್ಕೆ 7. ಇನ್ನು 0.1 ಮಿ.ಲೀ. ಜಾಸ್ತಿ ಬಿಟ್ಟರೆ 10.3! ಒಂದು ಹನಿ ಸುಮಾರು 0.05 ಮಿ.ಲೀ. ಅಂತ ಹಿಡಿದರೆ, ಮೊದಲ 400 ಹನಿ ಮಾಡದ ಕೆಲಸವನ್ನು ಕೊನೆಯ ನಾಲ್ಕು ಹನಿ ಮಾಡಿಬಿಡುತ್ತದೆ.

ಲ್ಯಾಬ್‌ನಲ್ಲಿ ನಿಂತ ಮಗುವಿಗೆ ಇದು ಕಾಣುವುದಿಲ್ಲ. ಅದಕ್ಕೆ ಕಾಣುವುದು ಇಷ್ಟೇ. ಬಹಳ ಹೊತ್ತು ಏನೂ ಆಗಲಿಲ್ಲ, ಬೇಸರ ಬಂತು, ತಿರುಪು ಸ್ವಲ್ಪ ಜಾಸ್ತಿ ತಿರುಗಿತು, ಫ್ಲಾಸ್ಕ್ ಪೂರ್ತಿ ಕಡು ಗುಲಾಬಿ. ರೀಡಿಂಗ್ ಹೋಯಿತು. ಸಿಮ್ಯುಲೇಶನ್‌ನಲ್ಲಾದರೆ ಹನಿ ಬೀಳುತ್ತಿದ್ದ ಹಾಗೆ ಪಕ್ಕದಲ್ಲಿ ಗ್ರಾಫ್ ಬರೆಯುತ್ತಾ ಹೋಗುತ್ತದೆ. ಗೆರೆ ಬಹಳ ದೂರ ಮಲಗಿಕೊಂಡು ಹೋಗಿ, ಒಂದು ಕಡೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಇದನ್ನು ಒಮ್ಮೆ ನೋಡಿದ ಮಗು ಲ್ಯಾಬ್‌ನಲ್ಲಿ ಕೊನೆಯ ಒಂದು ಮಿ.ಲೀ. ಬಂದಾಗ ತಾನಾಗಿಯೇ ಕೈ ನಿಧಾನ ಮಾಡುತ್ತದೆ. ಯಾಕೆ ನಿಧಾನ ಮಾಡಬೇಕು ಎನ್ನುವುದೂ ಅದಕ್ಕೆ ಗೊತ್ತಿರುತ್ತದೆ.

ಕಣ್ಣಿಗೆ ಕಾಣದ್ದನ್ನು ತೋರಿಸುವುದು

ಸ್ಕಾಟ್‌ಲ್ಯಾಂಡಿನ ಗ್ಲ್ಯಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಅಲೆಕ್ಸ್ ಜಾನ್‌ಸ್ಟನ್ ಎಂಬ ಪ್ರೊಫೆಸರ್, ಕೆಮಿಸ್ಟ್ರಿ ಮಕ್ಕಳಿಗೆ ಯಾಕೆ ಕಷ್ಟ ಆಗುತ್ತದೆ ಎಂದು 1991ರಲ್ಲಿ ಬರೆದ ವಿಚಾರ ಇಂದಿಗೂ ಅಧ್ಯಾಪಕರ ತರಬೇತಿಯಲ್ಲಿ ಬರುತ್ತದೆ. ಕೆಮಿಸ್ಟ್ರಿಗೆ ಮೂರು ಮುಖ ಎಂದರು ಅವರು. ಒಂದು, ಕಣ್ಣಿಗೆ ಕಾಣುವುದು: ಬಣ್ಣ, ಗುಳ್ಳೆ, ಹೊಗೆ. ಎರಡು, ಕಣ್ಣಿಗೆ ಕಾಣದ ಕಣಗಳ ಲೋಕ: ಅಣು, ಅಯಾನು. ಮೂರು, ಪುಸ್ತಕದಲ್ಲಿ ಬರೆಯುವ ಸಂಕೇತ, ಸಮೀಕರಣ. ಕಲಿಸುವವರು ಈ ಮೂರರ ಮಧ್ಯೆ ಸಲೀಸಾಗಿ ಓಡಾಡುತ್ತಾರೆ. ಹೊಸದಾಗಿ ಕಲಿಯುವ ಮಗುವಿಗೆ ಮೂರೂ ಒಟ್ಟಿಗೆ ಬಂದು ತಲೆ ತುಂಬಿಹೋಗುತ್ತದೆ.

ಲ್ಯಾಬ್‌ನಲ್ಲಿ ಮೊದಲನೆಯದು ಸಿಗುತ್ತದೆ. ಬೋರ್ಡಿನ ಮೇಲೆ ಮೂರನೆಯದು ಸಿಗುತ್ತದೆ. ಮಧ್ಯದ ಕಣಗಳ ಲೋಕ ಎಲ್ಲಿಯೂ ಕಾಣುವುದಿಲ್ಲ. ಸಿಮ್ಯುಲೇಶನ್ ಈ ಖಾಲಿ ಜಾಗ ತುಂಬುತ್ತದೆ.

ಉದಾಹರಣೆಗೆ ಹೈಡ್ರೋಕ್ಲೋರಿಕ್ ಆಮ್ಲ, ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಎರಡೂ 0.1 ಮೋಲಾರ್ ಇವೆ ಅನ್ನಿ. ನೋಡಲು ಎರಡೂ ನೀರಿನ ಹಾಗೆ. ಆದರೆ ಮೊದಲನೆಯದರ ಪಿಹೆಚ್ 1, ಎರಡನೆಯದು ಸುಮಾರು 2.9. ಯಾಕೆ? ಪರದೆಯ ಮೇಲೆ ಭೂತಗನ್ನಡಿ ಹಿಡಿದರೆ ಉತ್ತರ ಕಾಣುತ್ತದೆ. ಮೊದಲನೆಯದರಲ್ಲಿ ಆಮ್ಲದ ಅಣುಗಳೆಲ್ಲ ಒಡೆದು ಅಯಾನುಗಳಾಗಿವೆ. ಎರಡನೆಯದರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಒಡೆದಿವೆ, ಉಳಿದವು ಹಾಗೆಯೇ ಇವೆ. ಬಲ್ಬು ಜೋಡಿಸಿ ನೋಡಿದರೆ ಒಂದರಲ್ಲಿ ಜೋರಾಗಿ ಉರಿಯುತ್ತದೆ, ಇನ್ನೊಂದರಲ್ಲಿ ಮಂದ. ಪ್ರಬಲ ಆಮ್ಲ, ದುರ್ಬಲ ಆಮ್ಲ ಎಂದು ಬಾಯಿಪಾಠ ಮಾಡಿದ್ದು ಆಗ ಅರ್ಥವಾಗುತ್ತದೆ.

ಎಲ್ಲಿ ಸಿಗುತ್ತದೆ?

ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ ಎನ್ನುವುದು ಮುಖ್ಯ. ಕೇಂದ್ರ ಸರಕಾರದ ಶಿಕ್ಷಣ ಸಚಿವಾಲಯ 2009ರಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನ ಶಿಕ್ಷಣ ಮಿಷನ್ ಅಡಿಯಲ್ಲಿ 'ವರ್ಚುವಲ್ ಲ್ಯಾಬ್ಸ್' ಎಂಬ ಯೋಜನೆ ನಡೆಸುತ್ತಿದೆ. ದಿಲ್ಲಿಯ ಐಐಟಿ ಇದರ ಮುಂದಾಳು. ಇನ್ನೂ ಹಲವು ಸಂಸ್ಥೆಗಳು ಸೇರಿವೆ. ಅದರಲ್ಲಿ ಒಂದು ನಮ್ಮ ಸುರತ್ಕಲ್‌ನ ಎನ್‌ಐಟಿಕೆ. 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಶುರುವಾಗಿ, 2002ರಲ್ಲಿ ಎನ್‌ಐಟಿ ಆದ ಅದೇ ಕಾಲೇಜು. ಹೈವೇಯಲ್ಲಿ ಬಸ್ಸಿನಲ್ಲಿ ಹೋಗುವಾಗ ದಿನಾ ನೋಡುವ ಆ ಗೇಟಿನ ಒಳಗೆ ಇಂಥ ಕೆಲಸವೂ ನಡೆಯುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಎನ್‌ಐಟಿಕೆ ಮಾಡಿದ ಲ್ಯಾಬ್‌ಗಳು ಹೆಚ್ಚಾಗಿ ಇಂಜಿನಿಯರಿಂಗ್ ಮಕ್ಕಳಿಗೆ. ಕೆಮಿಸ್ಟ್ರಿಯ ಲ್ಯಾಬ್‌ಗಳನ್ನು ಹೆಚ್ಚಾಗಿ ಮಾಡಿರುವುದು ಅಮೃತ ವಿಶ್ವವಿದ್ಯಾಪೀಠ. ಭೌತ ರಸಾಯನ, ನಿರವಯವ ರಸಾಯನ, ಸಾವಯವ ರಸಾಯನ ಮೂರೂ ಇವೆ. ನೀರಿನ ಪರೀಕ್ಷೆ, ಮಣ್ಣಿನ ಪರೀಕ್ಷೆಯಂಥ ಪ್ರಯೋಗಗಳೂ ಸಿಗುತ್ತವೆ. ಪ್ರತಿ ಪ್ರಯೋಗಕ್ಕೂ ಉದ್ದೇಶ, ವಿವರಣೆ, ಮಾಡುವ ಕ್ರಮ, ನಂತರ ಸಿಮ್ಯುಲೇಶನ್, ಕೊನೆಗೆ ಸಣ್ಣ ಪರೀಕ್ಷೆ ಇರುತ್ತದೆ.

ಇನ್ನೊಂದು, ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದ 'ಫೆಟ್'. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಶುರು ಮಾಡಿದರು. ಮೇಲೆ ಹೇಳಿದ ಭೂತಗನ್ನಡಿ, ಬಲ್ಬು ಎಲ್ಲ ಇದರಲ್ಲಿ ಇದೆ. ಪಿಹೆಚ್ ತೋರಿಸುವ ಸಿಮ್ಯುಲೇಶನ್‌ನಲ್ಲಿ ಕಾಫಿ, ಹಾಲು, ಕಿತ್ತಳೆ ರಸ, ರಕ್ತ, ಬ್ಯಾಟರಿ ಆಸಿಡ್ ಎಲ್ಲದರ ಪಿಹೆಚ್ ನೋಡಬಹುದು, ನೀರು ಬೆರೆಸಿದರೆ ಎಷ್ಟಾಗುತ್ತದೆ ಎಂದೂ ನೋಡಬಹುದು. ಕೆಲವು ಕನ್ನಡದಲ್ಲೂ ಇವೆ. ಸಾಮಾನ್ಯ ಸ್ಮಾರ್ಟ್‌ಫೋನಿನಲ್ಲಿ ನಡೆಯುತ್ತವೆ. ಒಮ್ಮೆ ಡೌನ್‌ಲೋಡ್ ಮಾಡಿಟ್ಟರೆ ನಂತರ ನೆಟ್ ಬೇಕಾಗಿಲ್ಲ. ಡಿಗ್ರಿ ಮಕ್ಕಳಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಕೆಮ್‌ಕಲೆಕ್ಟಿವ್' ಕೂಡ ಇದೆ. ಅದರಲ್ಲಿ ಯಾವ ರಾಸಾಯನಿಕ ತೆಗೆದುಕೊಳ್ಳಬೇಕು, ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಬೇಕು.

ಹೂಲಿಯಿಂದ ನೋಡಿದರೆ

ನಾನು ಈಗ ಇರುವುದು ಬೆಳಗಾವಿ ಜಿಲ್ಲೆ ಸವದತ್ತಿ ತಾಲೂಕಿನ ಹೂಲಿಯಲ್ಲಿ. ಗುಡ್ಡದ ಮೇಲೆ ಕೋಟೆ, ಕೆಳಗೆ ಪಂಚಲಿಂಗೇಶ್ವರ ದೇವಸ್ಥಾನ, ಸುತ್ತ ಹೊಲ. ಮಂಗಳೂರಿನಲ್ಲಿ ಹತ್ತು ನಿಮಿಷ ನಡೆದರೆ ಒಂದು ಕಾಲೇಜು ಸಿಗುತ್ತದೆ. ಇಲ್ಲಿ ವಿಜ್ಞಾನ ಓದಬೇಕಾದರೆ ಸವದತ್ತಿ, ಬೈಲಹೊಂಗಲ, ಧಾರವಾಡದ ಕಡೆಗೆ ಬಸ್ಸು ಹತ್ತಬೇಕು. ಲ್ಯಾಬ್ ಮುಗಿಯುವುದು ಸಂಜೆ. ಲ್ಯಾಬ್‌ಗೆ ನಿಂತರೆ ಬಸ್ಸು ಹೋಗುತ್ತದೆ, ಬಸ್ಸಿಗೆ ಓಡಿದರೆ ಲ್ಯಾಬ್ ಹೋಗುತ್ತದೆ.

ಇಲ್ಲಿ ಮದ್ರಸದಲ್ಲಿ ಕಲಿತು ಈಗ ಕಾಲೇಜಿಗೆ ಹೋಗುವ ಹುಡುಗನೊಬ್ಬನಿಗೆ ಪ್ರಾಕ್ಟಿಕಲ್ ಹೇಗೆ ನಡೆಯುತ್ತಿದೆ ಅಂತ ಕೇಳಿದೆ. "ಹಜರತ್, ಒಂದ್ ಬ್ಯುರೆಟ್ಟಿಗೆ ನಾವ್ ಐದ್ ಮಂದಿ ನಿಂದರ್ತೀವ್ರಿ. ಒಬ್ಬಾಂವ ಮಾಡ್ತಾನ, ನಾಕ್ ಮಂದಿ ಬರ್ಕೋತೀವಿ" ಅಂದ. ಮಾತು ಹೂಲಿಯ ಹುಡುಗನದ್ದು. ಆದರೆ ಕರಾವಳಿಯ ಮಕ್ಕಳನ್ನು ಕೇಳಿದರೂ ಇದೇ ಉತ್ತರ ಬರುವ ಕಾಲೇಜುಗಳು ಇಲ್ಲದಿಲ್ಲ. ಐದು ಮಂದಿಯ ಗುಂಪಿನಲ್ಲಿ ಬ್ಯುರೆಟ್ ಹಿಡಿಯುವವರು ಯಾರು? ಧೈರ್ಯ ಇರುವವರು, ಇಂಗ್ಲಿಷ್ ಬರುವವರು. ಹಿಂದೆ ನಿಂತು ಬರೆದುಕೊಳ್ಳುವವರು ಯಾರು? ನಾಚಿಕೆಯವರು, ತಪ್ಪಾದರೆ ಎಲ್ಲರೂ ನಗುತ್ತಾರೆ ಎಂದು ಹೆದರುವವರು. ನಮ್ಮ ಮನೆಯ ಹೆಣ್ಣು ಮಕ್ಕಳು ಯಾವ ಸಾಲಿನಲ್ಲಿ ನಿಲ್ಲುತ್ತಾರೆ ಎಂದು ಹೆತ್ತವರೇ ಒಮ್ಮೆ ಕೇಳಿ ನೋಡಬೇಕು.

ಪರದೆಯ ಮೇಲೆ ಹತ್ತು ಸಲ ಮಾಡಿದ ಮಗು ಹಿಂದಿನ ಸಾಲಿನಿಂದ ಮುಂದೆ ಬಂದು, 'ಈ ಸಲ ನಾನು ಮಾಡ್ತೇನೆ' ಅನ್ನುತ್ತದೆ. ಸಿಮ್ಯುಲೇಶನ್ ಕೊಡುವ ದೊಡ್ಡ ಲಾಭ ಈ ಧೈರ್ಯ.

ಪರದೆಗೆ ಆಗದ ಕೆಲಸ

ಹಾಗಾದರೆ ಲ್ಯಾಬೇ ಬೇಡವೇ? ಬೇಕು, ಖಂಡಿತ ಬೇಕು. ದಡದಲ್ಲಿ ಕೂತು ಕೈಕಾಲು ಆಡಿಸುವುದನ್ನು ಕಲಿತವನು ನೇತ್ರಾವತಿ ದಾಟಲಾರ.

ಪಿಯುಸಿಯ ಪೊಟ್ಯಾಸಿಯಂ ಪರ್ಮಾಂಗನೇಟ್ ಪ್ರಯೋಗವನ್ನೇ ನೋಡಿ. ಆಕ್ಸಾಲಿಕ್ ಆಮ್ಲಕ್ಕೆ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60ರಿಂದ 70 ಡಿಗ್ರಿಗೆ ಬಿಸಿ ಮಾಡಿ, ನಂತರ ಪರ್ಮಾಂಗನೇಟ್ ಬಿಡಬೇಕು. ಥರ್ಮಾಮೀಟರ್ ಇಲ್ಲದೆ, ಫ್ಲಾಸ್ಕ್‌ನಿಂದ ಏಳುವ ಆವಿ ನೋಡಿ ಸಾಕೋ ಸಾಲದೋ ಅಂತ ಹೇಳುವುದು ಅಭ್ಯಾಸದಿಂದ ಬರುತ್ತದೆ. ಮೊದಲ ಹನಿಗಳ ಬಣ್ಣ ನಿಧಾನಕ್ಕೆ ಹೋಗುತ್ತದೆ, ಆಮೇಲೆ ಬೇಗ ಬೇಗ ಹೋಗುತ್ತದೆ. ಪ್ರಯೋಗದಲ್ಲೇ ಹುಟ್ಟುವ ಮ್ಯಾಂಗನೀಸ್ ಅಯಾನು ಮುಂದಿನ ಕೆಲಸವನ್ನು ಚುರುಕು ಮಾಡುವುದರಿಂದ ಹೀಗಾಗುತ್ತದೆ. ಆಸಿಡ್ ಕಡಿಮೆಯಾದರೆ ಕಂದು ಬಣ್ಣದ ಗಸಿ ಬರುತ್ತದೆ. ಬ್ಯುರೆಟ್‌ನ ತುದಿಯಲ್ಲಿ ಗಾಳಿಗುಳ್ಳೆ ಉಳಿದರೆ ರೀಡಿಂಗ್ ತಪ್ಪುತ್ತದೆ. ಬಣ್ಣವಿಲ್ಲದ ದ್ರಾವಣವನ್ನು ಕೆಳಗಿನ ಅಂಚು ನೋಡಿ ಓದಬೇಕು. ಪರ್ಮಾಂಗನೇಟ್‌ನಂಥ ಕಡು ಬಣ್ಣದ್ದನ್ನು ಮೇಲಿನ ಅಂಚು ನೋಡಿ ಓದಬೇಕು. ಇಲ್ಲಿ ಕಣ್ಣಿನ, ಕೈಯ ಅಭ್ಯಾಸವೇ ಬೇಕು. ಮೊಬೈಲಿನ ಬ್ಯುರೆಟ್‌ನಲ್ಲಿ ಗಾಳಿಗುಳ್ಳೆ ಬರುವುದಿಲ್ಲ, ಸಾಲ್ಟ್ ಅನಾಲಿಸಿಸ್‌ನ ಅಮೋನಿಯಾ ಮೂಗಿಗೆ ಹೊಡೆಯುವುದಿಲ್ಲ.

ನಮ್ಮ ಪರಂಪರೆಯಲ್ಲೂ ಇದಕ್ಕೆ ಸಾಕ್ಷಿ ಇದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಬೂಬಕರ್ ಅಲ್ ರಾಝಿ ತಮ್ಮ 'ಕಿತಾಬುಲ್ ಅಸ್ರಾರ್'ನಲ್ಲಿ ವಸ್ತುಗಳ ಜೊತೆಗೆ ಕುಲುಮೆ, ಮೂಸೆ, ಬಟ್ಟಿ ಇಳಿಸುವ ಪಾತ್ರೆ ಎಂದು ಉಪಕರಣಗಳನ್ನೂ ಪಟ್ಟಿ ಮಾಡಿ ಕೊಟ್ಟಿದ್ದಾರೆ. ಇಂದು ಮಕ್ಕಳು ಓದುವ ಆಲ್ಕಲಿ ಎಂಬ ಪದ ಅರಬಿಯ 'ಅಲ್ ಕಲಿ'ಯಿಂದ ಬಂದದ್ದು. ಗಿಡ ಸುಟ್ಟು ಮಾಡಿದ ಬೂದಿ ಎಂದು ಅರ್ಥ. ಕೈ ಮಸಿ ಮಾಡಿಕೊಂಡು ಕಲಿತವರು ಇಟ್ಟ ಹೆಸರು ಅದು.

ಹೊಟ್ಟೆಪಾಡಿನ ಲೆಕ್ಕವೂ ಇದೆ. ನಮ್ಮ ಮಕ್ಕಳು ನಾಳೆ ಎಂಆರ್‌ಪಿಎಲ್, ಎಂಸಿಎಫ್‌ನ ಲ್ಯಾಬ್‌ಗೋ, ಔಷಧಿ ಕಂಪೆನಿಗೋ, ಗಲ್ಫಿನ ರಿಫೈನರಿಗೋ ಕೆಲಸ ಕೇಳಿಕೊಂಡು ಹೋದರೆ ಅಲ್ಲಿ ಕೈಗೆ ಪಿಪೆಟ್ ಕೊಟ್ಟು 'ಮಾಡಿ ತೋರಿಸು' ಅನ್ನುತ್ತಾರೆ. ಮೊಬೈಲಿನಲ್ಲಿ ಮಾಡಿದ್ದೇನೆ ಅಂದರೆ ಅಲ್ಲಿ ನಡೆಯದು.

ಒಂದು ಎಚ್ಚರಿಕೆ

ಕೊರೊನಾ ಕಾಲ ನೆನಪಿರಬಹುದು. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿತು. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು. ಆ ಮಕ್ಕಳಿಗೆ ಲ್ಯಾಬ್‌ನಲ್ಲಿ ನಿಂತ ದಿನಗಳು ಕಡಿಮೆ. ಆಗ ಸಿಮ್ಯುಲೇಶನ್ ಒಂದೇ ದಾರಿಯಾಗಿತ್ತು, ಉಪಕಾರವೂ ಆಯಿತು. ಆದರೆ ಕಷ್ಟಕಾಲದ ದಾರಿಯನ್ನು ಕಾಯಂ ದಾರಿ ಮಾಡುವ ಆಸೆ ಕೆಲವು ಆಡಳಿತ ಮಂಡಳಿಗಳಿಗೆ ಹುಟ್ಟಬಹುದು. ಗಾಜಿನ ಸಾಮಾನು, ರಾಸಾಯನಿಕ, ಗ್ಯಾಸ್, ಲ್ಯಾಬ್ ಸಹಾಯಕರ ಸಂಬಳ ಎಲ್ಲದಕ್ಕೂ ಖರ್ಚು ಇದೆ. ಹತ್ತು ಕಂಪ್ಯೂಟರ್ ಇಟ್ಟು 'ನಮ್ಮದು ಡಿಜಿಟಲ್ ಲ್ಯಾಬ್' ಎಂದು ಬೋರ್ಡು ಹಾಕುವುದು ಸುಲಭ. ಹಾಗೆ ಮಾಡಿದರೆ ಶ್ರೀಮಂತರ ಮಕ್ಕಳಿಗೆ ನಿಜವಾದ ಲ್ಯಾಬ್, ಬಡವರ ಮಕ್ಕಳಿಗೆ ಚಿತ್ರದ ಲ್ಯಾಬ್ ಎಂದಾಗುತ್ತದೆ. ನಮ್ಮ ಸಮುದಾಯದವರು ನಡೆಸುವ ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ಸಿಮ್ಯುಲೇಶನ್ ಬರೀ ಆಟ ಎಂದು ತಳ್ಳಿಹಾಕುವುದೂ ಸರಿಯಲ್ಲ. 2005ರಲ್ಲಿ ಪ್ರಕಟವಾದ ಕೊಲೊರಾಡೋ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ, ಭೌತಶಾಸ್ತ್ರದ ವಿದ್ಯಾರ್ಥಿಗಳ ಒಂದು ಗುಂಪಿಗೆ ನಿಜವಾದ ವಯರ್, ಬಲ್ಬು ಕೊಟ್ಟರು, ಇನ್ನೊಂದು ಗುಂಪಿಗೆ ಕಂಪ್ಯೂಟರ್ ಸಿಮ್ಯುಲೇಶನ್ ಕೊಟ್ಟರು. ಕೊನೆಗೆ ನಿಜವಾದ ಸರ್ಕ್ಯೂಟ್ ಜೋಡಿಸಿ ವಿವರಿಸಲು ಹೇಳಿದಾಗ ಸಿಮ್ಯುಲೇಶನ್‌ನಲ್ಲಿ ಕಲಿತವರೇ ಚೆನ್ನಾಗಿ ಮಾಡಿದರು. ಅದು ವಿದ್ಯುತ್ತಿನ ವಿಷಯ, ಕೆಮಿಸ್ಟ್ರಿಯಲ್ಲ. ಆದರೂ ಒಂದು ಪಾಠ ಸಿಗುತ್ತದೆ: ಯಾಕೆ ಎಂಬುದು ತಲೆಗೆ ಹೋದರೆ ಕೈಯ ಕೆಲಸ ಸುಲಭವಾಗುತ್ತದೆ. ಹಾಗಾಗಿ ಲ್ಯಾಬ್‌ಗೆ ಮೊದಲು ಸಿಮ್ಯುಲೇಶನ್, ಆಮೇಲೆ ಲ್ಯಾಬ್, ಮನೆಗೆ ಬಂದು ಅನುಮಾನ ಉಳಿದಿದ್ದರೆ ಮತ್ತೆ ಸಿಮ್ಯುಲೇಶನ್. ಈ ಕ್ರಮ ಒಳ್ಳೆಯದು.

ಮನೆಯಲ್ಲಿ ಏನು ಮಾಡಬಹುದು?

ಮೊದಲನೆಯದು, ನಾಳೆ ಯಾವ ಪ್ರಯೋಗ ಎಂದು ಮಗುವನ್ನು ಕೇಳಿ. ಹಿಂದಿನ ರಾತ್ರಿ ಅದೇ ವಿಷಯದ ಸಿಮ್ಯುಲೇಶನ್ ಅರ್ಧ ಗಂಟೆ ಮಾಡಲಿ. ಸುಮ್ಮನೆ ಗುಂಡಿ ಒತ್ತುವುದಲ್ಲ. ಮಾಡುವ ಮೊದಲು 'ಹೀಗಾಗಬಹುದು' ಎಂದು ಕಾಗದದಲ್ಲಿ ಬರೆದಿಟ್ಟು, ನಂತರ ಮಾಡಿ, ಎರಡನ್ನೂ ತಾಳೆ ನೋಡಲಿ.

ಎರಡನೆಯದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಲಿ. ಆಸಿಡ್ ಬದಲಾಯಿಸಿದಾಗ ಸಾರ ಹಾಗೆಯೇ ಇರಲಿ, ಸಾರ ಬದಲಾಯಿಸಿದಾಗ ಆಸಿಡ್ ಹಾಗೆಯೇ ಇರಲಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯದು.

ಮೂರನೆಯದು, ಉಮ್ಮನೋ ಉಪ್ಪನೋ ಪಕ್ಕದಲ್ಲಿ ಕೂತು 'ಇದು ಯಾಕೆ ಹೀಗಾಯಿತು, ನನಗೆ ಹೇಳು' ಅನ್ನಬೇಕು. ನಮಗೆ ಕೆಮಿಸ್ಟ್ರಿ ಬರಬೇಕಾಗಿಲ್ಲ. ಇನ್ನೊಬ್ಬರಿಗೆ ವಿವರಿಸುವಾಗ ಮಗುವಿಗೇ ತನಗೆ ಗೊತ್ತಿಲ್ಲದ್ದು ಯಾವುದು ಎಂದು ಗೊತ್ತಾಗುತ್ತದೆ. ಮದ್ರಸದಲ್ಲಿ ಪಾಠ ಒಪ್ಪಿಸುವ ಹಾಗೆಯೇ ಇದು. ಮೊಬೈಲ್ ಬೇರೆ ಕಡೆ ಹೋಗದ ಹಾಗೆ ಒಂದು ಕಣ್ಣೂ ಇಟ್ಟಂತಾಗುತ್ತದೆ.

ನಾಲ್ಕನೆಯದು, ಅಪಾಯವಿಲ್ಲದ ನಿಜವಾದ ಪ್ರಯೋಗ ಅಡುಗೆಮನೆಯಲ್ಲೂ ಇದೆ. ಅರಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುವುದನ್ನು ಎಲ್ಲ ಉಮ್ಮಂದಿರೂ ನೋಡಿದ್ದಾರೆ. ಪುನರ್ಪುಳಿ ಶರಬತ್ತಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಣ್ಣ ಬದಲಾಗುತ್ತದೆ. ಆಮ್ಲ, ಕ್ಷಾರ ತೋರಿಸುವ ಸೂಚಕ ಅಂದರೆ ಇದೇ. ಆದರೆ ಟಾಯ್ಲೆಟ್ ತೊಳೆಯುವ ಆಸಿಡ್, ಬ್ಲೀಚಿಂಗ್ ಪುಡಿ ಮುಟ್ಟಲು ಬಿಡಬೇಡಿ. ಅವೆರಡೂ ಸೇರಿದರೆ ವಿಷಗಾಳಿ ಬರುತ್ತದೆ.

ಕೊನೆಯದು ಹೆತ್ತವರ ಸಭೆಯ ವಿಷಯ. ಅಲ್ಲಿ ನಾವು ಸಾಮಾನ್ಯವಾಗಿ ಫೀಸು, ಅಂಕ, ಬಸ್ಸಿನ ಬಗ್ಗೆ ಮಾತಾಡಿ ಎದ್ದು ಬರುತ್ತೇವೆ. ಇನ್ನು ಮೇಲೆ ಎರಡು ಪ್ರಶ್ನೆ ಸೇರಿಸಿ. ಲ್ಯಾಬ್‌ನಲ್ಲಿ ಒಂದು ಬ್ಯುರೆಟ್‌ಗೆ ಎಷ್ಟು ಮಕ್ಕಳು? ನನ್ನ ಮಗಳು ಈ ವರ್ಷ ತನ್ನ ಕೈಯಿಂದ ಎಷ್ಟು ಪ್ರಯೋಗ ಮಾಡಿದ್ದಾಳೆ? ಈ ಪ್ರಶ್ನೆ ಕೇಳುವ ಹೆತ್ತವರು ಹತ್ತು ಮಂದಿ ಆದರೆ, ಬೀಗ ಹಾಕಿಟ್ಟ ಕಪಾಟಿನ ಗಾಜಿನ ಸಾಮಾನು ಮೇಜಿನ ಮೇಲೆ ಬರುತ್ತದೆ.